ಅಕ್ಕನಿಗೆ ಬೇರೆ ಲೆಕ್ಕ

ನನ್ನ ಅಕ್ಕ ಹತ್ತನೇ ತರಗತಿ ಪರೀಕ್ಷೆಗೆ ಕೂರುತ್ತೇನೆಂದು ಹೇಳುವ ಹೊತ್ತಿಗೆ ಅವಳ ದೊಡ್ಡ ಮಗಳು ಆ ಪರೀಕ್ಷೆ ಮುಗಿಸಿ ನರ್ಸಿಂಗ್ ಓದುತ್ತಿದ್ದಳು. ಫೋನಿನಲ್ಲಿ ಅಕ್ಕ ಇದನ್ನು ಜೋಳದ ದರ ಹೇಳಿದಷ್ಟೇ ಸಹಜವಾಗಿ ಹೇಳಿದಳು. ದೇವದುರ್ಗದಲ್ಲಿ ಅವಳ ಓಣಿಯ ಇನ್ನೂ ಕೆಲವು ಹೆಂಗಸರು ಫಾರ್ಮ್ ತುಂಬಿದ್ದಾರೆ, ಬೇರೆ ವಿಷಯ ಹೆಂಗೋ ಓದಿಕೊಳ್ಳುತ್ತಾರೆ, ಗಣಿತಕ್ಕೆ ಮಾತ್ರ ನಾನು ಭಾನುವಾರ ಬರಬೇಕು ಎಂದಳು. ಬರುತ್ತೀಯಾ ಎಂದು ಕೇಳಲಿಲ್ಲ.

ಅಕ್ಕ ಶಾಲೆ ಬಿಟ್ಟದ್ದು ಒಂಬತ್ತನೇ ತರಗತಿಯಲ್ಲಿ. ಅಪ್ಪ ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಮೂಟೆ ಹೊರುವ ಹಮಾಲಿ, ಅವ್ವ ಹತ್ತಿ ಬಿಡಿಸಲು ಕಲ್ಮಲದ ಕಡೆ ಹೋಗುತ್ತಿದ್ದಳು. ನಾನಿನ್ನೂ ಶಾಲೆಗೆ ಸೇರದ ಕೂಸು. ನನ್ನನ್ನು ಎತ್ತಿಕೊಂಡು ಮನೆಯಲ್ಲಿ ಉಳಿದವಳು ಹಾಗೇ ಉಳಿದಳು, ಆಮೇಲೆ ಮದುವೆಯಾಗಿ ದೇವದುರ್ಗಕ್ಕೆ ಹೋದಳು. ನಾನು ಓದಿದೆ. ಈಗ ರಾಯಚೂರಿನ ಒಂದು ಪದವಿ ಕಾಲೇಜಿನಲ್ಲಿ ಗಣಿತ ಪಾಠ ಮಾಡುತ್ತೇನೆ. ಅಕ್ಕ ಇದನ್ನು ಎಂದೂ ಎತ್ತಿ ಆಡಿದವಳಲ್ಲ. ನಾನೂ ಉಪಕಾರ ತೀರಿಸಲು ಹೋದವಳಲ್ಲ. ಪಾಠ ಮಾಡುವುದು ನನಗೆ ಬರುತ್ತದೆ, ಅದಕ್ಕೇ ಹೋದೆ.

ಓಣಿಯ ಬುದ್ಧ ವಿಹಾರಕ್ಕೆ ಹೊಂದಿಕೊಂಡು ಒಂದು ಉದ್ದನೆಯ ಹಾಲ್ ಇದೆ. ಮಧ್ಯಾಹ್ನ ಊಟ ಮುಗಿಸಿ, ಮನೆ ಮಂದಿಯನ್ನು ಮಲಗಿಸಿ ಹೆಂಗಸರು ಅಲ್ಲಿಗೆ ಬರುತ್ತಿದ್ದರು. ಬಹುತೇಕ ನಮ್ಮವರೇ. ಹಿಂದಿನ ಓಣಿಯಿಂದ ಇಬ್ಬರು ಮೂವರು ಮುಸ್ಲಿಂ ಹೆಂಗಸರೂ ಇದ್ದರು, ಅವರಲ್ಲಿ ಒಬ್ಬಳು ಮಡಿಲ ಕೂಸಿನೊಂದಿಗೇ ಬರುತ್ತಿದ್ದಳು. ಕಲಿಯುವುದರಲ್ಲಿ ಎಲ್ಲರೂ ಚುರುಕು. ತೊಂದರೆ ಒಂದೇ: ಬೋರ್ಡಿನ ಮೇಲೆ ಲೆಕ್ಕ ಬರೆದು ನಾನು ತಿರುಗುವಷ್ಟರಲ್ಲಿ ಯಾರಾದರೂ ಒಬ್ಬರು ಬಿಡಿಸಿರುತ್ತಿದ್ದರು, ಉತ್ತರ ಪಿಸುಮಾತಿನಲ್ಲಿ ಸಾಲಿನುದ್ದಕ್ಕೂ ಹರಿದು ಗೋಡೆ ಮುಟ್ಟಿರುತ್ತಿತ್ತು. ಅದನ್ನು ಅವರು ನಕಲು ಎಂದುಕೊಂಡಿರಲಿಲ್ಲ. ಹೊಲದಲ್ಲಿ ಸಾಲು ಹಿಡಿದು ಕೆಲಸ ಮಾಡುವಾಗ ಹಿಂದೆ ಉಳಿದವಳಿಗೆ ಮುಂದಿನವಳು ಕೈ ಹಚ್ಚುವುದಿಲ್ಲವೇ, ಹಾಗೆ.

ಒಂದು ಸಂಜೆ ಬಸ್ ನಿಲ್ದಾಣದ ತನಕ ಕಳಿಸಲು ಬಂದ ಅಕ್ಕ ದಾರಿಯಲ್ಲಿ ನಿಂತು ಹೇಳಿದಳು: "ನನಗ ಬರ್ತದೋ ಇಲ್ಲೋ ಅನ್ನೋದು ನನಗs ಗೊತ್ತಾಗವಲ್ದು. ಎಲ್ಲಾರ ಉತ್ತರ ನನ್ನ ಕಿವ್ಯಾಗ ಬೀಳ್ತಾವು. ನನಗೊಂದು ಬ್ಯಾರೆ ಲೆಕ್ಕ ಕೊಡು."

ಅವಳಿಗೊಬ್ಬಳಿಗೆ ಯಾಕೆ, ಎಲ್ಲರಿಗೂ ಬೇರೆ ಬೇರೆ ಲೆಕ್ಕ ಕೊಡುತ್ತೇನೆ ಎಂದೆ. ಬಸ್ಸು ಹತ್ತಿದ ಮೇಲೆ, ಅದು ಎಷ್ಟು ಸುಲಭ ಎಂದು ಯೋಚಿಸುತ್ತಲೇ ಊರಿಗೆ ಬಂದೆ. ಕೈಯಿಂದ ಬರೆಯುವ ಮಾತೇ ಇರಲಿಲ್ಲ, ಕಂಪ್ಯೂಟರಿಗೆ ಹೇಳಿದರಾಯಿತು.

ಕಾಲೇಜಿನ ಪಾಠಕ್ಕೆಂದು ನಾನು ವರ್ಷಗಳಿಂದ ಬಳಸುತ್ತಿದ್ದ ಒಂದು ಕಂಪ್ಯೂಟರ್ ಭಾಷೆ ಇದೆ. ಅದು ಅಂಕಿಗಳನ್ನಷ್ಟೇ ಅಲ್ಲ, ಅಕ್ಷರಗಳನ್ನೂ ಇಡೀ ಬೀಜೋಕ್ತಿಗಳನ್ನೂ ಹಾಗೆಯೇ ಹಿಡಿದು ಕೆಲಸ ಮಾಡುತ್ತದೆ. ಅದರಲ್ಲಿ ಹೆಚ್ಚಿನದೆಲ್ಲ ನಡೆಯುವುದು ನಿಯಮಗಳಿಂದ. ಎಡಗಡೆ ಒಂದು ಮಾದರಿ, ನಡುವೆ ಒಂದು ಬಾಣ, ಬಲಗಡೆ ಬದಲಿ. ಮಾದರಿಗೆ ಹೊಂದುವಂಥದ್ದು ಎಲ್ಲೆಲ್ಲಿ ಕಾಣುತ್ತದೋ ಅಲ್ಲೆಲ್ಲ ಕಂಪ್ಯೂಟರ್ ಅದನ್ನು ತೆಗೆದು ಬದಲಿಯನ್ನು ಕೂರಿಸುತ್ತದೆ. ನಾನು ಒಂದು ಲೆಕ್ಕ ಬರೆದು ಅದರಲ್ಲಿ ಎರಡು ಖಾಲಿ ಜಾಗ ಬಿಟ್ಟೆ. ಒಂದಕ್ಕೆ ಕೆಂಪು ಎಂದೂ ಇನ್ನೊಂದಕ್ಕೆ ಹಸಿರು ಎಂದೂ ಹೆಸರಿಟ್ಟೆ. ಎಕ್ಸ್ ಕೂಡು ಕೆಂಪು. ಅದನ್ನು ಎಕ್ಸ್ ಕೂಡು ಹಸಿರಿನಿಂದ ಗುಣಿಸಿ ವಿಸ್ತರಿಸಿ. ಹೆಂಗಸರು ಎಷ್ಟು ಮಂದಿಯೋ ಆ ಲೆಕ್ಕದ ಪ್ರತಿಗಳೂ ಅಷ್ಟು. ನಂತರ ನಿಯಮ: ಕೆಂಪು ಕಂಡಲ್ಲಿ ಎರಡರಿಂದ ಒಂಬತ್ತರೊಳಗಿನ ಯಾವುದಾದರೂ ಒಂದು ಅಂಕಿಯನ್ನು ಚೀಟಿ ಎತ್ತಿದ ಹಾಗೆ ಎತ್ತಿ ಇಡು. ಹಸಿರಿಗೂ ಹಾಗೇ.

ನಡೆಸಿ ನೋಡಿದೆ. ಮೊದಲ ಹಾಳೆಯಲ್ಲಿ ಆರು ಮತ್ತು ಎರಡು ಬಂತು. ಮತ್ತೆ ನಡೆಸಿದೆ, ನಾಲ್ಕು ಮತ್ತು ಒಂಬತ್ತು. ಮತ್ತೊಮ್ಮೆ, ಏಳು ಮತ್ತು ಮೂರು. ಪ್ರತಿ ಸಲವೂ ಅಂಕಿಗಳು ಬದಲಾಗುತ್ತಿವೆ, ಚೆನ್ನಾಗಿದೆ ಎಂದು, ಅಚ್ಚಿಗಾಗಿ ಕೊನೆಗೊಮ್ಮೆ ನಡೆಸಿ, ಸ್ಟೇಷನ್ ರಸ್ತೆಯ ಝೆರಾಕ್ಸ್ ಅಂಗಡಿಯಲ್ಲಿ ಅಚ್ಚು ಹಾಕಿಸಿ, ಒಂದೊಂದನ್ನೂ ಮಡಚಿ ಮೇಲೆ ಒಬ್ಬೊಬ್ಬರ ಹೆಸರು ಬರೆದು ಭಾನುವಾರದ ಬಸ್ಸು ಹತ್ತಿದೆ.

ಹಾಲ್‌ನಲ್ಲಿ ಹಾಳೆ ಹಂಚಿ ಗಂಟಲು ಸರಿಪಡಿಸಿಕೊಂಡು ಹೇಳಿದೆ: ಈವತ್ತು ಯಾರ ಲೆಕ್ಕವೂ ಇನ್ನೊಬ್ಬರದಲ್ಲ, ಮಾತಾಡಿದರೂ ಉಪಯೋಗವಿಲ್ಲ. ಹೆಂಗಸರು ತಲೆ ತಗ್ಗಿಸಿದರು. ಸ್ವಲ್ಪ ಹೊತ್ತು ಪೆನ್ಸಿಲ್ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಆಮೇಲೆ ಎಲ್ಲಿಂದಲೋ ಸಣ್ಣ ನಗು ಕೇಳಿತು. ಅದು ಪಕ್ಕಕ್ಕೆ ಹರಿಯಿತು. ಕಿಟಕಿ ಹತ್ತಿರದ ಇಬ್ಬರು ತಮ್ಮ ಹಾಳೆಗಳನ್ನು ಅಕ್ಕಪಕ್ಕ ಹಿಡಿದು ನನಗೆ ತೋರಿಸಿದರು. ಎರಡರಲ್ಲೂ ಮೂರು ಮತ್ತು ಎಂಟು. ಇಡೀ ಹಾಲ್‌ನ ಹಾಳೆಗಳಲ್ಲೂ ಮೂರು ಮತ್ತು ಎಂಟು.

ಎಲ್ಲರಿಗೂ ಖುಷಿಯೋ ಖುಷಿ. ಟೀಚರ್‌ಗೂ ಬೇರೆ ಮಾಡಲು ಬರಲಿಲ್ಲ ಎಂದು ಚಪ್ಪಾಳೆ ಹೊಡೆದರು, ನಾನೂ ನಕ್ಕೆ. ಅಕ್ಕ ಮಾತ್ರ ನಗಲಿಲ್ಲ. ತನ್ನ ಹಾಳೆಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಅವಳ ಮುಖ ನೋಡಿ, ಇದನ್ನು ಮುಂದಿನ ವಾರದೊಳಗೆ ಸರಿ ಮಾಡುತ್ತೇನೆ ಎಂದು ಎಲ್ಲರೆದುರೇ ಹೇಳಿದೆ. ಹೇಳುವಾಗ ತಪ್ಪು ಎಲ್ಲಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಆದರೆ ಎಲ್ಲೋ ಇದೆ ಮತ್ತು ಅದು ಸಿಗುತ್ತದೆ ಎಂಬುದರಲ್ಲಿ ಅನುಮಾನವೂ ಇರಲಿಲ್ಲ.

ನಮ್ಮ ಕಾಲೇಜಿನಲ್ಲಿ ಗಣಕ ವಿಜ್ಞಾನ ಕಲಿಸುವ ಗೆಳತಿಯೊಬ್ಬಳಿದ್ದಾಳೆ. ದಿನಾ ಮಾನ್ವಿಯಿಂದ ಬಸ್ಸಿನಲ್ಲಿ ಓಡಾಡುತ್ತಾಳೆ. ಅವಳ ತಂದೆ ಮಾನ್ವಿ ಬಜಾರದಲ್ಲಿ ಟೇಲರ್. ಸೋಮವಾರ ಅವಳ ಬಸ್ಸು ಬರುವುದನ್ನೇ ಕಾದು, ಸ್ಟಾಫ್ ರೂಮಿನಲ್ಲಿ ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಅವಳು ಬುರ್ಖಾ ತೆಗೆದು ಕುರ್ಚಿಗೆ ಹಾಕುತ್ತಲೇ ಪರದೆ ನೋಡಿದಳು, ಡಬ್ಬಿಯಿಂದ ಒಂದು ತುತ್ತು ತಿಂದಳು, ಆಮೇಲೆ ಪರದೆಯ ಮೇಲೆ ಬಾಣಕ್ಕೆ ಬೆರಳಿಟ್ಟಳು.

"ಈ ಬಾಣ ಇದೆಯಲ್ರೀ, ಇದು ತಡೆಯೋದಿಲ್ಲ. ನೀವು ನಿಯಮ ಬರಿಯೋ ಹೊತ್ತಿಗೇ ಬಲಗಡೆ ಇರೋದನ್ನ ಲೆಕ್ಕ ಹಾಕಿ ಇಟ್ಟುಬಿಡ್ತದ. ನಮ್ಮ ಅಬ್ಬಾ ಗಿರಾಕಿ ಬರೋಕಿಂತ ಮೊದ್ಲೇ ಒಂದು ಅಂಗಿ ಹೊಲದು ಗೂಟಕ್ಕ ಹಾಕಿದ್ರ, ಬಂದವರಿಗೆಲ್ಲ ಅದೇ ಅಂಗಿ. ಗಿರಾಕಿ ಬಂದ ಮ್ಯಾಲೆ ಟೇಪ್ ಹಿಡಿ ಅಂತ ಹೇಳ್ಬೇಕು ಇದಕ್ಕ."

ತಕ್ಷಣ ಅರ್ಥವಾಯಿತು. ಕಂಪ್ಯೂಟರ್ ಚೀಟಿ ಎತ್ತಿದ್ದು ಒಂದೇ ಸಲ, ಅದೂ ಹಾಳೆಗಳನ್ನು ನೋಡುವ ಮೊದಲು. ಆಗ ಮೂರು ಬಂದಿತ್ತು. ಅಲ್ಲಿಂದ ಮುಂದೆ ನಿಯಮದಲ್ಲಿ ಚೀಟಿಯ ಸುದ್ದಿಯೇ ಉಳಿಯಲಿಲ್ಲ, ಕೆಂಪು ಕಂಡಲ್ಲಿ ಮೂರು ಇಡು ಎಂಬುದಷ್ಟೇ ಉಳಿಯಿತು. ನಾನು ಪ್ರತಿ ಸಲ ಹೊಸದಾಗಿ ನಡೆಸಿದಾಗ ಚೀಟಿಯೂ ಹೊಸದಾಗಿ ಎದ್ದಿತ್ತು, ಹಾಗಾಗಿ ಮೊದಲ ಹಾಳೆ ಬದಲಾಗುತ್ತಿತ್ತು. ಎರಡನೆಯ ಹಾಳೆಯನ್ನು ನಾನು ನೋಡಿಯೇ ಇರಲಿಲ್ಲ.

ಆ ಭಾಷೆಯಲ್ಲಿ ಇನ್ನೊಂದು ಬಾಣವೂ ಇದೆ, ಹಿಂದೆ ಎರಡು ಚುಕ್ಕಿ ಇರುವುದು. ಅದು ಬಲಗಡೆಯದನ್ನು ಮುಟ್ಟದೆ ಹಾಗೇ ಇಟ್ಟುಕೊಂಡು, ಮಾದರಿ ಹೊಂದಿದ ಆ ಗಳಿಗೆಗೆ, ಹೊಂದಿದ ಪ್ರತಿ ಸಲವೂ, ಹೊಸದಾಗಿ ಲೆಕ್ಕ ಹಾಕುತ್ತದೆ. ಇದನ್ನು ನಾನು ಓದಿದ್ದೆ. ಆದರೆ ತರಗತಿಯಲ್ಲಿ ನಾನು ಮಾಡುತ್ತಿದ್ದ ಕೆಲಸಗಳಲ್ಲಿ ಎರಡೂ ಬಾಣಗಳಿಂದ ಒಂದೇ ಫಲ ಬರುತ್ತಿತ್ತು, ಆದ್ದರಿಂದ ಬರೆಯಲು ಸುಲಭವಾದದ್ದನ್ನೇ ಬರೆದುಕೊಂಡು ಬಂದಿದ್ದೆ. ಈವತ್ತು ವ್ಯತ್ಯಾಸ ಕಣ್ಣೆದುರಿಗೆ ಬಂತು. ಎರಡು ಚುಕ್ಕಿ ಸೇರಿಸಿದೆ, ನಡೆಸಿದೆ. ಹಾಳೆಗೊಂದು ಲೆಕ್ಕ. ಗೆಳತಿ ಡಬ್ಬಿ ಮುಚ್ಚಿ ಪಾಠಕ್ಕೆ ಹೋದಳು.

ಈ ಸಲ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಾಳೆಯ ಕೆಳಗೆ ಉತ್ತರವನ್ನೂ ಅಚ್ಚು ಹಾಕಿಸೋಣ ಎನಿಸಿತು. ಅಂಚನ್ನು ಒಳಕ್ಕೆ ಮಡಚಿ ಪಿನ್ ಹೊಡೆದರೆ, ಲೆಕ್ಕ ಮುಗಿಸಿದವರು ಬಿಚ್ಚಿ ತಾವೇ ನೋಡಿಕೊಳ್ಳಬಹುದು, ಪ್ರತಿಯೊಬ್ಬರ ಹತ್ತಿರ ನಾನು ಓಡಾಡಬೇಕಿಲ್ಲ. ಉತ್ತರದ ಸೂತ್ರ ಸರಳ: ಎಕ್ಸ್ ವರ್ಗ, ಕೆಂಪು ಹಸಿರುಗಳ ಮೊತ್ತದಷ್ಟು ಎಕ್ಸ್, ಕೊನೆಗೆ ಕೆಂಪು ಹಸಿರುಗಳ ಗುಣಲಬ್ಧ. ಅದನ್ನೂ ಅದೇ ನಿಯಮಗಳ ಕೈಗೆ ಕೊಟ್ಟೆ. ಅಚ್ಚಾದ ಮೇಲೆ ಒಂದೊಂದು ಹಾಳೆಯನ್ನೂ ತಿರುವಿ ಹಾಕಿ ಎಲ್ಲ ಬೇರೆ ಬೇರೆ ಇವೆಯೇ ಎಂದು ನೋಡಿದೆ. ಇದ್ದವು. ಹಿಂದಿನ ವಾರ ಎಡವಿದ ಕಲ್ಲನ್ನು ಅಷ್ಟು ಎಚ್ಚರದಿಂದ ದಾಟಿದೆ.

ಆ ಭಾನುವಾರ ಹಾಲ್‌ನಲ್ಲಿ ನಿಜವಾದ ಮೌನವಿತ್ತು. ಪಿಸುಮಾತಿಗೆ ಬೆಲೆಯೇ ಇರಲಿಲ್ಲ. ಪಕ್ಕದವಳ ಹಾಳೆಗೆ ಕಣ್ಣು ಹಾಕಿದವಳು ಮತ್ತೆ ತನ್ನದಕ್ಕೇ ಮರಳಬೇಕಿತ್ತು. ನಾನು ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂತು, ತಮ್ಮಷ್ಟಕ್ಕೆ ತಾವು ಯೋಚಿಸುತ್ತಿರುವ ಅಷ್ಟು ಮುಖಗಳನ್ನು ನೋಡಿದೆ. ಒಬ್ಬಳು ತುಟಿ ಕಚ್ಚಿಕೊಂಡಿದ್ದಳು, ಒಬ್ಬಳು ಬೆರಳ ಗೆಣ್ಣುಗಳ ಮೇಲೆ ಎಣಿಸುತ್ತಿದ್ದಳು. ಅಕ್ಕ ಗೋಡೆಗೆ ಬೆನ್ನು ಕೊಟ್ಟು, ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದಳು. ಬರೆದು ನಿಲ್ಲಿಸಿ ಸಣ್ಣಗೆ ತಲೆಯಾಡಿಸಿದಳು. ಬಂತು ಅವಳಿಗೆ ಎಂದುಕೊಂಡೆ.

ಆಮೇಲೆ ಪಿನ್ ಬಿಚ್ಚುವ ಸದ್ದು ಅಲ್ಲಲ್ಲಿ ಶುರುವಾಯಿತು. ಅದರ ಹಿಂದೆಯೇ ರಬ್ಬರ್ ಉಜ್ಜುವ ಸದ್ದು. ಒಬ್ಬರು, ಇಬ್ಬರು, ಆಮೇಲೆ ಹತ್ತಿರ ಹತ್ತಿರ ಎಲ್ಲರೂ. ರಬ್ಬರ್ ಇಲ್ಲದವರು ಇದ್ದವರ ಹತ್ತಿರ ಕೈ ಚಾಚಿದರು. ಮೊದಲ ಸಲ ಒಬ್ಬೊಬ್ಬರೇ ಮಾಡುತ್ತಿದ್ದಾರೆ, ತಪ್ಪಾಗುವುದು ಸಹಜ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಅಷ್ಟೂ ಮಂದಿಯದು ತಪ್ಪಾಗುವುದು ಸಹಜವಲ್ಲ. ಎದ್ದು ಅಕ್ಕನ ಹತ್ತಿರ ಹೋದೆ.

ಅವಳ ಲೆಕ್ಕದಲ್ಲಿ ಮೂರು ಮತ್ತು ಐದು ಇದ್ದವು. ಉತ್ತರದ ಜಾಗದಲ್ಲಿ ಎಕ್ಸ್ ವರ್ಗ, ಹತ್ತು ಎಕ್ಸ್, ಹನ್ನೆರಡು ಎಂದು ದಪ್ಪವಾಗಿ ಬರೆದಿದ್ದಳು. ಮಡಿಕೆಯಲ್ಲಿ ಅಚ್ಚಾಗಿದ್ದ ಉತ್ತರವೂ ಅದೇ. ಆದರೆ ದಪ್ಪ ಅಕ್ಷರಗಳ ಕೆಳಗೆ ಕಾಗದ ಸವೆದು ತೆಳ್ಳಗಾಗಿತ್ತು, ಅಲ್ಲಿ ಎಂಟು ಎಕ್ಸ್, ಹದಿನೈದು ಎಂದು ಅಳಿಸಿದ ಗೆರೆಗಳು ಇನ್ನೂ ಕಾಣುತ್ತಿದ್ದವು. ಅಳಿಸಿದ್ದೇ ಸರಿ. ಅಚ್ಚಾದದ್ದು ತಪ್ಪು.

ನಾನು ಅವಳ ಎದುರು ನೆಲದ ಮೇಲೆ ಕೂತೆ. ಎಕ್ಸ್ ಇದ್ದ ಜಾಗದಲ್ಲೆಲ್ಲ ಒಂದು ಇಟ್ಟು ನೋಡು ಎಂದೆ. ಅವಳು ಲೆಕ್ಕದಲ್ಲಿ ಇಟ್ಟಳು: ಒಂದಕ್ಕೆ ಮೂರು ಕೂಡಿದರೆ ನಾಲ್ಕು, ಒಂದಕ್ಕೆ ಐದು ಕೂಡಿದರೆ ಆರು, ನಾಲ್ಕಾರು ಇಪ್ಪತ್ನಾಲ್ಕು. ಅಚ್ಚಾದ ಉತ್ತರದಲ್ಲಿ ಇಟ್ಟಳು: ಒಂದು, ಹತ್ತು, ಹನ್ನೆರಡು, ಒಟ್ಟು ಇಪ್ಪತ್ತಮೂರು. ಮತ್ತೆ ಕೂಡಿದಳು. ಇಪ್ಪತ್ತಮೂರೇ. ನೀನು ಅಳಿಸಿದ್ದರಲ್ಲಿ ಇಡು ಎಂದೆ. ಒಂದು, ಎಂಟು, ಹದಿನೈದು. ಇಪ್ಪತ್ನಾಲ್ಕು.

ಅಕ್ಕ ಅಳಿಸಿದ ಗೆರೆಗಳ ಮೇಲೆ ಬೆರಳು ಎಳೆದಳು.

"ಹಂಗಾರ ನನ್ನದು ಸರಿ ಇತ್ತು."

"ಸರಿ ಇತ್ತು. ನಾನು ಉತ್ತರ ಬರಿಸಿದ ರೀತಿ ತಪ್ಪಾಗ್ಯಾದ."

"ಮತ್ತ ನಾ ಯಾಕ ಅಳಿಸಿದೆ?"

ಅದನ್ನು ಅವಳು ನನ್ನನ್ನು ಕೇಳಿದ್ದಲ್ಲ. ಅಷ್ಟರಲ್ಲಿ ಪಕ್ಕದವರು ಕಿವಿಗೊಟ್ಟಿದ್ದರು. ಎಕ್ಸ್ ಜಾಗದಲ್ಲಿ ಒಂದು ಇಡುವ ಉಪಾಯ ಕ್ಷಣದಲ್ಲಿ ಸಾಲು ಸಾಲು ದಾಟಿತು, ಹಾಲ್ ತುಂಬ ಮಾತು. ಯಾರದು ಅಳಿಸುವ ಮೊದಲು ಸರಿ ಇತ್ತು, ಯಾರದು ಮೊದಲೂ ತಪ್ಪಿತ್ತು ಎಂದು ಹಾಳೆಗಳನ್ನು ಬಾಗಿಲ ಬೆಳಕಿಗೆ ಹಿಡಿದು ಹುಡುಕಿದರು. ಸರಿ ಇದ್ದುದನ್ನು ಅಳಿಸಿದವರೇ ಹೆಚ್ಚು. ಕೂಸಿನ ತಾಯಿಯ ಹಾಳೆ ಮಾತ್ರ ಶುಭ್ರವಾಗಿತ್ತು, ಉತ್ತರವೂ ಸರಿಯಾಗಿತ್ತು. ಕೂಸಿಗೆ ಹಾಲು ಕುಡಿಸುತ್ತಿದ್ದುದರಿಂದ ಅವಳಿಗೆ ಪಿನ್ ಬಿಚ್ಚಲು ಕೈ ಬಿಡುವಾಗಿರಲಿಲ್ಲ. ಅವಳು ನಕ್ಕಾಗ ಎಲ್ಲರೂ ನಕ್ಕರು, ಕೊನೆಗೆ ಅಕ್ಕನೂ.

ತಪ್ಪು ಎಲ್ಲಿ ಹುಟ್ಟಿತೆಂಬುದು ನನಗೆ ಅಲ್ಲೇ, ನೆಲದ ಮೇಲೆ ಕೂತಲ್ಲೇ ಹೊಳೆಯಿತು. ಎರಡು ಚುಕ್ಕಿಯ ಬಾಣ ಕೆಂಪು ಕಂಡಾಗಲೆಲ್ಲ ಹೊಸ ಚೀಟಿ ಎತ್ತುತ್ತದೆ. ಲೆಕ್ಕದಲ್ಲಿನ ಕೆಂಪಿಗೆ ಒಂದು, ಉತ್ತರದ ಮೊತ್ತದಲ್ಲಿನ ಕೆಂಪಿಗೆ ಇನ್ನೊಂದು, ಗುಣಲಬ್ಧದ ಕೆಂಪಿಗೆ ಮತ್ತೊಂದು. ಅಕ್ಕನ ಹಾಳೆಯ ಹತ್ತು ಎಲ್ಲಿಂದಲೋ ಬಂದದ್ದು, ಹನ್ನೆರಡು ಇನ್ನೆಲ್ಲಿಂದಲೋ. ಕೂಡಿದರೆ ಹತ್ತು, ಗುಣಿಸಿದರೆ ಹನ್ನೆರಡು ಆಗುವ ಎರಡು ಪೂರ್ಣಾಂಕಗಳೇ ಇಲ್ಲ. ಅದು ನಾನು ಕೊಡಬಹುದಾದ ಯಾವ ಲೆಕ್ಕದ ಉತ್ತರವೂ ಆಗಿರಲಿಲ್ಲ. ಮೊದಲ ವಾರ ಕಂಪ್ಯೂಟರ್ ತೀರಾ ಬೇಗ ನಿರ್ಧರಿಸಿತ್ತು, ಈ ವಾರ ಒಮ್ಮೆ ನಿರ್ಧರಿಸಿದ ಮೇಲೂ ನಿರ್ಧರಿಸುತ್ತಲೇ ಇತ್ತು. ಎರಡೂ ಸಲ ನಾನು ಹೇಳಿದ್ದನ್ನೇ ಅದು ಮಾಡಿತ್ತು.

ಹೆಂಗಸರಿಗೆ ಇಷ್ಟನ್ನೂ ಹೇಳಿದೆ. ಕೆಲವರಿಗೆ ತಿಳಿಯಿತು, ಕೆಲವರು ಎದ್ದು ನೀರು ಕುಡಿಯಲು ಹೋದರು. ಇನ್ನು ಮೇಲೆ ಉತ್ತರ ಅಚ್ಚು ಹಾಕಿಸುವುದೇ ಬೇಡ, ನಾನೇ ಒಬ್ಬೊಬ್ಬರದೂ ನೋಡುತ್ತೇನೆ ಎಂದು ಮಾತು ಮುಗಿಸಿದೆ.

ಅಕ್ಕ ಒಪ್ಪಲಿಲ್ಲ. "ಉತ್ತರ ಇರ್ಲಿ," ಎಂದಳು. "ಅದೂ ಸರಿ ಅದನೋ ಇಲ್ಲೋ ನಾವು ನೋಡ್ತೀವಿ."

ಹಾಗೇ ಆಯಿತು. ಮರುದಿನ ಗೆಳತಿಯೂ ನಾನೂ ಕೂತು ನಿಯಮಗಳನ್ನು ಎರಡು ಅಂತಸ್ತಿನಲ್ಲಿ ಬರೆದೆವು. ಹೊರಗಡೆ ಚುಕ್ಕಿಯ ಬಾಣ: ಪ್ರತಿಯೊಬ್ಬ ಹೆಂಗಸಿನ ಹಾಳೆ ಎದುರಾದಾಗಲೂ ಹೊಸದಾಗಿ ಶುರು ಮಾಡು. ಒಳಗಡೆ ಬರಿಯ ಬಾಣ: ಈ ಹಾಳೆಗೆ ಕೆಂಪು ಇದು, ಹಸಿರು ಇದು, ಒಮ್ಮೆ ಎತ್ತಿದ ಮೇಲೆ ಲೆಕ್ಕಕ್ಕೂ ಉತ್ತರಕ್ಕೂ ಅದೇ. ಎಲ್ಲಿ ಕಾಯಬೇಕು, ಎಲ್ಲಿ ಕಾಯಬಾರದು ಎಂಬುದನ್ನು ಕಾಗದದ ಮೇಲೆ ಮೊದಲು ಗೆರೆ ಹಾಕಿಕೊಂಡೇ ಬರೆದೆವು. ಗೆಳತಿ ಒಂದು ಕಡೆ ನನ್ನ ಬಾಣಕ್ಕೆ ಎರಡು ಚುಕ್ಕಿ ಇಟ್ಟಳು, ನಾನು ಅದನ್ನು ತೆಗೆಸಿದೆ. ವಾದವಾಯಿತು, ಆ ಸಲ ನಾನು ಸರಿ ಇದ್ದೆ. ಬೇರೆ ಬೇರೆ ಹಾಳೆಗಳನ್ನು ಎಳೆದು ಎಕ್ಸ್ ಜಾಗದಲ್ಲಿ ಒಂದು ಇಟ್ಟು ನೋಡಿದೆವು. ಎಲ್ಲ ಕೂಡಿ ಬಂದವು.

ಆ ಮೇಲಿನ ಭಾನುವಾರಗಳಲ್ಲಿ ದೇವದುರ್ಗದ ಹಾಲ್‌ನಲ್ಲಿ ರಬ್ಬರ್ ಸದ್ದು ಕಡಿಮೆಯಾಯಿತು. ಪಿನ್ ಬಿಚ್ಚಿದವರು ತಮ್ಮ ಉತ್ತರಕ್ಕೆ ಅಚ್ಚಾದ ಉತ್ತರ ಹೊಂದದಿದ್ದರೆ, ಮೊದಲು ಎರಡರಲ್ಲೂ ಒಂದು ಇಟ್ಟು ನೋಡುತ್ತಿದ್ದರು. ತಪ್ಪು ತಮ್ಮದೇ ಎಂದು ಗೊತ್ತಾದ ಮೇಲೆ ಅಳಿಸುತ್ತಿದ್ದರು. ಇದನ್ನು ಕಲಿಸಬೇಕೆಂದು ನಾನು ಯೋಜನೆ ಹಾಕಿದ್ದವಳಲ್ಲ. ಆದರೆ ಆ ವರ್ಷ ನಾನು ಕಲಿಸಿದ್ದರಲ್ಲಿ ಗಟ್ಟಿಯಾಗಿ ಉಳಿದದ್ದು ಇದೇ ಎಂದು ಈಗ ಧೈರ್ಯವಾಗಿ ಹೇಳಬಲ್ಲೆ. ಗೆಳತಿ ಅದೇ ಹಾಳೆಗಳನ್ನು ಮಾನ್ವಿಗೆ ಒಯ್ದಳು. ಅವಳ ಮನೆಯ ಅಂಗಳದಲ್ಲಿ ಶನಿವಾರ ಸಂಜೆ ಒಂದು ಗುಂಪು ಸೇರತೊಡಗಿತು, ಹಿರೇಕೊಟ್ನೆಕಲ್‌ನಿಂದಲೂ ಟಂಟಂ ಆಟೋ ಮಾಡಿಕೊಂಡು ನಾಲ್ಕು ಜನ ಬರುತ್ತಿದ್ದರು. ಅಲ್ಲಿ ಲೆಕ್ಕವನ್ನು ಅರ್ಧ ದಖನಿ ಉರ್ದುವಿನಲ್ಲಿ, ಅರ್ಧ ಕನ್ನಡದಲ್ಲಿ ಬಿಡಿಸುತ್ತಾರೆ. ನಾನು ಎರಡು ಸಲ ಹೋಗಿದ್ದೆ. ಅವಳ ತಂದೆ ಹೊಲಿಗೆ ಯಂತ್ರ ನಿಲ್ಲಿಸಿ, ಸದ್ದು ಮಾಡದೆ ನಮಗೆಲ್ಲ ಚಹಾ ತಂದಿಟ್ಟು ಹೋದರು.

ಪರೀಕ್ಷೆಯ ದಿನ ನನಗೆ ಕಾಲೇಜಿನ ಕೆಲಸವಿತ್ತು, ದೇವದುರ್ಗಕ್ಕೆ ಹೋಗಲಾಗಲಿಲ್ಲ. ಮಧ್ಯಾಹ್ನ ಅಕ್ಕನೇ ಫೋನ್ ಮಾಡಿ ಪೇಪರ್ ಹೆಂಗಿತ್ತೆಂದು ಹೇಳದೆ, ಪರೀಕ್ಷೆ ಹಾಲ್‌ನಲ್ಲಿ ಬಹಳ ಸೆಕೆ ಇತ್ತು, ಮೇಲ್ವಿಚಾರಕಿ ನೀರು ಕೊಟ್ಟಳು, ಪಕ್ಕದ ಬೆಂಚಿನ ಹುಡುಗಿ ತನ್ನನ್ನು ಆಂಟಿ ಎಂದು ಕರೆದಳು ಎಂದೆಲ್ಲ ಹೇಳಿದಳು. ಕೊನೆಗೆ ನಾನೇ ಕೇಳಿದೆ. ಮಾಡೀನಿ ಎಂದಳು.

ಫಲಿತಾಂಶ ಬಂದಾಗ ಗಣಿತದಲ್ಲಿ ಅವಳು ಚೆನ್ನಾಗಿ ಪಾಸಾಗಿದ್ದಳು, ಇಂಗ್ಲಿಷ್ ಉಳಿದಿತ್ತು. ಓಣಿಯ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಗಣಿತ ದಾಟಿದ್ದರು. ಇಂಗ್ಲಿಷಿಗೆ ಅವಳ ಮಗಳೇ ಕೂರಿಸಿಕೊಂಡು ಹೇಳಿಕೊಟ್ಟಳು. ಪೂರಕ ಪರೀಕ್ಷೆಯಲ್ಲಿ ಅದೂ ಆಯಿತು. ಅಕ್ಕ ಪಿಯುಸಿಗೆ ಸೇರುತ್ತಾಳೆ ಎಂದು ತಿಳಿದಾಗ ನಾನು ಹಿಗ್ಗಿ ರಾಯಚೂರಿನಿಂದ ಗಣಿತದ ಪುಸ್ತಕ ಕೊಂಡು, ಮಧ್ಯಾಹ್ನದ ಬಸ್ಸಿಗೇ ಹೊರಟೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಪುಸ್ತಕ ನೋಡಿ ಕೈ ಒರೆಸಿಕೊಂಡು ಪಕ್ಕಕ್ಕಿಟ್ಟಳು. ತಾನು ಕಲಾ ವಿಭಾಗಕ್ಕೆ ಫಾರ್ಮ್ ಕೊಟ್ಟು ಬಂದಿದ್ದೇನೆ, ಇತಿಹಾಸ, ಸಮಾಜಶಾಸ್ತ್ರ, ಕನ್ನಡ ಎಂದಳು.

ಇಷ್ಟು ಚೆನ್ನಾಗಿ ಲೆಕ್ಕ ಬರುವವಳು ಅದನ್ನು ಯಾಕೆ ಬಿಟ್ಟೆ ಎಂದು ಕೇಳಿದೆ.

"ಬರ್ತದಂತ ಅದನ್ನs ತೊಗೊಬೇಕೇನು?" ಎಂದಳು. "ಬರ್ತದ ಅಂತ ಗೊತ್ತಾತು, ಸಾಕು. ನೀ ಕೈ ತೊಳ್ಕೊ, ರೊಟ್ಟಿ ಬಿಸಿ ಅದ."